ಒತ್ತೆಗೆ ಕೂತ ಮಾವ

"ಓಡ್ಸಿ ನೋಡಿ, ಯಾರು ಬೇಡ ಅಂದ್ರು? ಆದ್ರೆ ಯಜಮಾನ್ರು ಇಲ್ಲೇ ಕೂತಿರ್ಲಿ," ಎಂದ ಔಷಧಿ ಅಂಗಡಿಯವನು, ಮನೆಯಂಗಳದಲ್ಲಿ ಮಾರಾಟಕ್ಕಿಟ್ಟಿದ್ದ ತನ್ನ ಬೈಕಿನ ಮುಂದಿನ ಗಾಜನ್ನು ಮತ್ತೊಮ್ಮೆ ಬಟ್ಟೆಯಿಂದ ಉಜ್ಜುತ್ತ. ಬೆಳಿಗ್ಗೆಯಿಂದ ಒರೆಸಿ ಒರೆಸಿ ಅದು ಅಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ತಿಳಿಯಾಗಿತ್ತು.

ಬೈಕು ಕೊಳ್ಳಲು ಬಂದವನು ಅಳಿಯ. ಯಜಮಾನ್ರು ಅಂದದ್ದು ಜೊತೆಯಲ್ಲಿ ಬಂದಿದ್ದ ಮಾವನಿಗೆ. ಅವರಿಗೆ ಸಿಟ್ಟು ಬಂತು.

"ನಾನೇನು ತಂಬಿಗೆನಾ ಸ್ವಾಮಿ, ಅಡ ಇಡೋಕೆ?"

"ತಪ್ಪು ತಿಳೀಬೇಡಿ. ಹಿಂದಿನ ಗಾಡಿ ಮಾರೋವಾಗ ಒಬ್ಬ ಓಡ್ಸಿ ನೋಡ್ತೀನಿ ಅಂತ ಬ್ಯಾಗ್ ಬಿಟ್ಟು ಹೋದ. ಲ್ಯಾಪ್‌ಟಾಪ್ ಇದೆ, ಜೋಪಾನ ಅಂದ. ಸಂಜೆ ಆದ್ರೂ ಬರ್ಲಿಲ್ಲ, ತೆಗೆದು ನೋಡ್ತೀನಿ, ಎರಡು ಇಟ್ಟಿಗೆ! ಅವತ್ತಿಂದ ವಸ್ತು ನಂಬೋದು ಬಿಟ್ಟಿದೀನಿ. ಮನುಷ್ಯರೇ ಬೇಕು."

ಮಾವನವರು ಕೂತರು. ಕೂರಲು ಅವರದೇ ಕಾರಣವಿತ್ತು. ಬದುಕಿಡೀ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು ಅವರು. ಅನುಮಾನವೇ ಅವರಿಗೆ ಅನ್ನ ಹಾಕಿತ್ತು, ಈಗ ಹೊತ್ತು ಕಳೆಯಲು ಜೊತೆಯಾಗಿತ್ತು. ಬಸ್ಸು ಹತ್ತಿದರೆ ಜನರ ಕೈ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು. ಟಿಕೆಟ್ ಇಲ್ಲದವನು ಕಿಟಕಿಯಾಚೆ ನೋಡುತ್ತಾನೆ, ಅದೂ ನೋಡಲು ಏನೂ ಇಲ್ಲದ ಕಡೆ. ಅಳಿಯ ಕೆಲವು ವಾರಗಳಿಂದ ಮನೆಯೊಳಗೆ ಹಾಗೆಯೇ ನೋಡುತ್ತಿದ್ದ.

ಮನೆಯಲ್ಲಿ ಅವಳಿ ಮಕ್ಕಳು. ಒಂದು ಮಲಗಿದರೆ ಇನ್ನೊಂದು ಏಳುತ್ತಿತ್ತು, ಯಾರೋ ಪಾಳಿ ಹಾಕಿಕೊಟ್ಟ ಹಾಗೆ. ಮಗಳಿಗೆ ನೆರವಾಗಲೆಂದು ಬಂದು ಅಲ್ಲೇ ಉಳಿದಿದ್ದ ಮಾವನವರಿಗೂ ನಿದ್ದೆ ಕೆಟ್ಟಿತ್ತು. ಅಳಿಯ ಹಗಲೆಲ್ಲ ಕಿಷ್ಕಿಂಧೆಯಂಥ ಲ್ಯಾಬಿನಲ್ಲಿ ಕೂತು ಕಂಡವರ ಬಾಯಿಗೆ ಕಟ್ಟುಹಲ್ಲು ಮಾಡುತ್ತಿದ್ದ, ಸಂಜೆ ಬಂದು ಸ್ವಂತ ಬಾಯಿ ಬಿಡುತ್ತಿರಲಿಲ್ಲ. ಅಂಥವನು ಇದ್ದಕ್ಕಿದ್ದಂತೆ ದೂರದ ದಾರಿಗೆಂದೇ ಮಾಡಿದ ಬೈಕು ಬೇಕು ಅಂದಿದ್ದ.

"ಸಾಮಾನಿಗೆ ಅಂತ ಮೂರು ಪೆಟ್ಟಿಗೆ ಇರೋ ಬೈಕಂತೆ ಅಪ್ಪಾ," ಅಂದಿದ್ದಳು ಮಗಳು, ಹಾಲಿನ ಬಾಟಲಿ ಕುದಿಸುತ್ತ. "ನಾನು, ಎರಡು ಕೂಸು, ಒಂದೊಂದರಲ್ಲಿ ಕೂರ್ಬೇಕಾ? ನೀವೂ ಹೋಗಿ ಜೊತೇಲಿ. ಅವರು ನಮ್ಮನ್ನ ಬಿಟ್ಟು ಎಲ್ಲಿಗಾದ್ರೂ ಹೊರಟು ಹೋಗ್ತಾರೇನೋ ಅಂತ ಭಯ ಆಗುತ್ತೆ." ಹೇಳಿ ನಕ್ಕಳು. ಮಾವನವರು ಆಗಲೇ ಚಪ್ಪಲಿ ಮೆಟ್ಟಿದ್ದರು.

ಅಳಿಯ ಕುಕ್ಕರಗಾಲಲ್ಲಿ ಕೂತು ಚೈನಿನ ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದ. ಹಲ್ಲು ಕಂಡರೆ ಅವನಿಗೆ ಬಿಡಲಾಗದು. ಆಮೇಲೆ ಎದ್ದು, ಟ್ಯಾಂಕಿನ ಮೇಲೆ ಕೈಯಿಟ್ಟ.

"ಮಂಡಿ ನೋವು ಬರದೇ ಇದ್ದಿದ್ರೆ ನಾನು ಮಾರ್ತಿರ್ಲಿಲ್ಲ ಸರ್," ಎಂದ ಅಂಗಡಿಯವನು. "ಒಂದ್ಸಲ ಟ್ಯಾಂಕ್ ತುಂಬಿಸಿದ್ರೆ ಆಯ್ತು, ನಾಳೆ ತನಕ ಇಳಿಯೋದೇ ಬೇಡ."

"ಈಗ ತುಂಬಿದ್ಯಾ?" ಎಂದು ಕೇಳಿದವರು ಮಾವ.

"ಫುಲ್ ಇದೆ."

ಅಳಿಯ ಜೇಬಿನಿಂದ ಫೋನು ತೆಗೆದು ಮಾವನ ಕೈಗಿಟ್ಟ. "ಇಟ್ಕೊಂಡಿರಿ ಮಾವ. ಜೇಬಲ್ಲಿ ಚುಚ್ಚುತ್ತೆ."

"ಹುಷಾರು ಅಳಿಯಂದ್ರೇ. ಆ ಸರ್ಕಲ್ ತನಕ ಹೋಗಿ ಬಂದ್ಬಿಡಿ," ಎಂದ ಅಂಗಡಿಯವನು.

ಅಳಿಯ ಹೆಲ್ಮೆಟ್ಟಿನೊಳಗಿಂದ ಏನೋ ಅಂದ. ಅದು ಕೇಳಿಸುವ ಮೊದಲೇ ಗಾಡಿ ಬೀದಿ ತಿರುಗಿತ್ತು.

ಅಂಗಡಿಯವನು ಜಗಲಿಯಲ್ಲಿ ಗೇಟಿನ ಕಡೆಗೇ ಕಣ್ಣಿಟ್ಟು ಕೂತ. ಮಾವನವರು ಅಂಗೈಯಲ್ಲಿದ್ದ ಫೋನು ನೋಡಿದರು. ಯಾರೂ ಕರೆಯಬಾರದು ಅನ್ನುವವನು ತಾನೇ ಫೋನು ಬಿಟ್ಟು ಹೋಗುವುದು? ಸರ್ಕಲ್ಲಿಗೆ ಹತ್ತು ಸಲ ಹೋಗಿ ಬರುವಷ್ಟು ಹೊತ್ತಾಯಿತು. ಬಿಸಿಲು ಗೋಡೆ ಹತ್ತಿ ಮಾಯವಾಯಿತು.

"ಅಳಿಯಂದ್ರು ಮನುಷ್ಯ ಹೇಗೆ?" ಎಂದ ಅಂಗಡಿಯವನು.

"ಚಿನ್ನದಂಥವನು," ಎಂದರು ಮಾವನವರು ಥಟ್ಟನೆ. ಮದುವೆಯಾದಾಗಿನಿಂದ ಅವನ ಬಗ್ಗೆ ಹೀಗೆ ಹೇಳಿದ್ದು ಇದೇ ಮೊದಲು. ತಮ್ಮ ಮಾತಿಗೆ ತಾವೇ ಬೆಚ್ಚಿದರು.

"ಇಟ್ಟಿಗೆಯವನೂ ಹಾಗೇ ಕಾಣ್ತಿದ್ದ." ಅವನು ಕುರ್ಚಿಯನ್ನು ಜಗಲಿಯ ಅಂಚಿಗೆ ಎಳೆದುಕೊಂಡ. "ನೀವು ಚೆಕಿಂಗ್‌ನಲ್ಲಿ ಇದ್ದೋರು ಅಂದ್ರಲ್ಲ. ಸಿಕ್ಕಿದೋರಿಗೆಲ್ಲ ದಂಡ ಹಾಕ್ತಿದ್ರಾ?"

"ಹಾಕ್ತಿದ್ದೆ. ನನ್ನ ಚಿಕ್ಕಪ್ಪನಿಗೂ ಹಾಕಿದೀನಿ. ಒಂದೇ ಒಂದು ರಿಯಾಯಿತಿ. ನಾನು ಕೇಳೋ ಮೊದ್ಲೇ ತಾನಾಗಿ ಎದ್ದು ಬಂದು ಟಿಕೆಟ್ ತಗೊಂಡೋನನ್ನ ಬಿಟ್ಬಿಡ್ತಿದ್ದೆ."

"ನಿಮ್ಮನ್ನ ನೋಡಿ ಹೆದರಿ ತಾನೇ ಎದ್ದು ಬರೋದು?"

"ಇರ್ಬಹುದು. ಎದ್ದು ಬಂದ್ನಲ್ಲ."

ಅಷ್ಟರಲ್ಲಿ ಅಳಿಯನ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಕೂಸುಗಳ ಎರಡು ಬೊಚ್ಚುಬಾಯಿಗಳು, ಮಗಳ ಹೆಸರು. ಮಾವನವರು ಎದ್ದು ಮೂಲೆಗೆ ಹೋಗಿ ಹಲೋ ಅಂದರು.

"ಅಪ್ಪಾ? ಅವರೆಲ್ಲಿ?"

"ಇಲ್ಲೇ ಇದಾನೆ ಕಣೇ. ಬೈಕ್ ಕೆಳಗೆ ಬಗ್ಗಿ ಏನೋ ನೋಡ್ತಿದಾನೆ. ಕೈಯೆಲ್ಲ ಎಣ್ಣೆ."

ಆ ಕಡೆ ಒಂದು ಮಗು ಅಳುತ್ತಿತ್ತು. "ನಿಜವಾಗ್ಲೂ ಅಲ್ಲೇ ಇದಾರಾ?"

"ನಿನ್ನಪ್ಪ ಯಾವತ್ತಾದ್ರೂ ಸುಳ್ಳು ಹೇಳಿದಾನಾ?"

ಹೇಳಿರಲಿಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡರು. ಬರ್ಲಿ ಆ ಬಡ್ಡಿಮಗ, ಕಾಲು ಮುರಿದು ಕೂರಿಸ್ತೀನಿ ಅಂದುಕೊಂಡರು. ಮರುಕ್ಷಣವೇ, ಬಂದ್ರೆ ಸಾಕಪ್ಪ ಅಂದುಕೊಂಡರು.

ಬೀದಿ ದೀಪಗಳು ಹತ್ತಿದ ಮೇಲೆ ಅಳಿಯ ಬಂದ. ಗೇಟಿನಾಚೆ ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದ. ಕಣ್ಣು ಕೆಂಪಾಗಿತ್ತು.

"ಸರ್ಕಲ್ಲಲ್ಲಿ ಗಾಡಿಗಳು ಜಾಸ್ತಿ ಇತ್ತು ಮಾವ."

ಮೊದಲೇ ಗೇಟಿಗೆ ಬಂದಿದ್ದ ಮಾವನವರು ಅವನ ಮುಖ ನೋಡಲಿಲ್ಲ, ಬೈಕಿನ ಗಾಜು ನೋಡಿದರು. ಅದರ ತುಂಬ ಹುಳಗಳು ಅಪ್ಪಳಿಸಿ ಸತ್ತಿದ್ದವು. ಹಳದಿ ಕಲೆಗಳು, ಅಂಟಿಕೊಂಡ ಪುಟ್ಟ ರೆಕ್ಕೆಗಳು. ಊರೊಳಗೆ ತೆವಳುವ ಗಾಡಿಗೆ ಹುಳ ಹೀಗೆ ಬಡಿಯುವುದಿಲ್ಲ. ಹೊಲಗಳ ನಡುವೆ, ಹೆದ್ದಾರಿಯಲ್ಲಿ, ನಿಲ್ಲಿಸುವ ಇರಾದೆಯೇ ಇಲ್ಲದೆ ಓಡಿಸಿದರೆ ಬಡಿಯುತ್ತದೆ. ದೂರದೂರಿಂದ ಬಂದ ಬಸ್ಸುಗಳ ಗಾಜಿನ ಮೇಲೆ ಅವರು ಇದನ್ನು ಬದುಕಿಡೀ ನೋಡಿದ್ದರು.

ಅಂಗಡಿಯವನು ಮಂಡಿ ಹಿಡಿದುಕೊಂಡು ಜಗಲಿಯಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ. ಮಾವನವರು ಕರವಸ್ತ್ರ ತೆಗೆದು, ಎಂಜಲು ಹಚ್ಚಿ, ಗಾಜನ್ನು ಗಸಗಸ ಒರೆಸಿದರು.

"ಏನ್ ಸರ್, ಲೋಕ ಸುತ್ತಿ ಬಂದ್ರಾ?" ಎಂದ ಅಂಗಡಿಯವನು.

"ನಾನೇ ಹೇಳಿದ್ದೆ," ಎಂದರು ಮಾವನವರು, ಕರವಸ್ತ್ರ ಮುದುಡಿ ಜೇಬಿಗೆ ತುರುಕುತ್ತ. "ಹಳೇ ಗಾಡಿ, ಊರೊಳಗೇ ನಾಲ್ಕು ಸುತ್ತು ಹಾಕಿ ನೋಡು ಅಂತ."

ಅಳಿಯ ಅವರನ್ನೇ ನೋಡಿದ.

"ಸರಿ, ಹೇಗಿದೆ ಗಾಡಿ?" ಅಂಗಡಿಯವನು ಕೇಳಿದ.

"ಚೆನ್ನಾಗಿದೆ," ಎಂದ ಅಳಿಯ. ಕೀಲಿಕೈ ಹಿಂದಕ್ಕೆ ಕೊಟ್ಟ. "ತುಂಬಾ ಚೆನ್ನಾಗಿದೆ. ಬೇಡ."

"ಚೆನ್ನಾಗಿದೆ, ಬೇಡ! ಇದ್ಯಾವ ಸೀಮೆ ಲೆಕ್ಕ?" ಅಂಗಡಿಯವನಿಗೆ ಹೊಸ ಅನುಮಾನ ಹತ್ತಿತು. ಬೈಕಿನ ಸುತ್ತ ಬಗ್ಗಿ ಬಗ್ಗಿ ನೋಡಿದ. ಮೂರೂ ಪೆಟ್ಟಿಗೆಗಳ ಮುಚ್ಚಳ ತೆಗೆದು ಒಳಗೆ ಕೈಯಾಡಿಸಿದ. ಅವರು ಬೀದಿಯ ತಿರುವು ದಾಟಿದಾಗಲೂ ಅವನು ಹುಡುಕುತ್ತಲೇ ಇದ್ದ.

ಬಸ್ ನಿಲ್ದಾಣದಲ್ಲಿ ಬೇರೆ ಯಾರೂ ಇರಲಿಲ್ಲ. ಮಾವನವರು ಬೆವರು ಒರೆಸಿಕೊಳ್ಳಲು ಕರವಸ್ತ್ರ ತೆಗೆದವರು, ಅದರಲ್ಲಿದ್ದ ರೆಕ್ಕೆಗಳನ್ನು ನೋಡಿ, ಹಾಗೇ ಮಡಚಿ ಕಸದ ಡಬ್ಬಿಗೆ ಹಾಕಿದರು.

"ಯಾಕೆ ಮಾವ? ಒಗೆದ್ರೆ ಹೋಗ್ತಿತ್ತಲ್ಲ."

"ನಿನ್ನ ಹೆಂಡ್ತಿ ಒಗೆಯೋ ಮೊದ್ಲು ಎಲ್ಲಾ ಬಿಡಿಸಿ ನೋಡ್ತಾಳೆ. ನನ್ನ ಕಣ್ಣೇ ಬಂದಿದೆ ಅವಳಿಗೆ." ಬೆಂಚಿನ ಮೇಲೆ ಸರಿದು ಜಾಗ ಮಾಡಿದರು. "ಕೂತ್ಕೊ."

ಅಳಿಯ ಕೂತ. ಮಾವನವರು ಅಂಗೈಯಿಂದ ಹಣೆ ಒರೆಸಿಕೊಳ್ಳುವುದನ್ನು ನೋಡಿ ತನ್ನ ಜೇಬಿಗೆ ಕೈ ಹಾಕಿ, ಮಡಚಿದ ಬಟ್ಟೆಯೊಂದನ್ನು ತೆಗೆದು ಅವರ ಕಡೆ ಚಾಚಿದ. ಅದು ಕರವಸ್ತ್ರವಾಗಿರಲಿಲ್ಲ. ಬಾತುಕೋಳಿಗಳ ಚಿತ್ರವಿದ್ದ, ಕೂಸಿನ ಬಾಯೊರೆಸುವ ಬಟ್ಟೆ. ಹಾಲು ಹುಳಿತ ವಾಸನೆ ಬರುತ್ತಿತ್ತು.

ಮಾವನವರು ಅದರಲ್ಲೇ ಮುಖ ಒರೆಸಿಕೊಂಡರು.