ಬಸವಣ್ಣನಿಗೆ ಹಾರೆ ಹಾಕಿದ ದಿನ

ಮುಕ್ಕಣ್ಣನ ಭಾರವನ್ನು ಅನುದಿನವೂ ಹೊತ್ತು ಬೇಸರಿಸದ ನಂದೀಶ್ವರನೇ, ಈ ಕಥೆಯ ಭಾರವನ್ನು ಹೊರುವಷ್ಟು ಬಲವನ್ನು ನಾಲಗೆಗೆ ಅನುಗ್ರಹಿಸು.

ಹಲವಾಗಲು ಎಂಬ ಊರಿನ ಬೆನಕಪ್ಪನ ಮನೆತನದಲ್ಲಿ ಒಂದು ನೇಮವಿತ್ತು: ಗದ್ದೆಯ ಬಸವಣ್ಣನ ಕಲ್ಲುಮೂರ್ತಿಗೆ ಕಬ್ಬಿಣ ಸೋಕಬಾರದು, ಸೋಕಿದರೆ ವಂಶ ನಿಲ್ಲದು. ಆದ್ದರಿಂದ ಮೂರ್ತಿಯನ್ನು ಹೊಸ ಕಟ್ಟೆಗೆ ಸಾಗಿಸುವ ದಿನ ಆರು ಜನ ಹಗ್ಗ ಕಟ್ಟಿ ಎಳೆದರು. ಹಗ್ಗ ಹರಿಯಿತು. ಮೂರ್ತಿ ಕೆಸರಿನಲ್ಲಿ ಜಾರಿ, ಬೆನಕಪ್ಪನ ಒಬ್ಬನೇ ಮಗ ಅರುಣಕುಮಾರನ ತೊಡೆಯ ಮೇಲೆ ಉರುಳಿತು. ಎಲುಬು ಮುರಿದ ಸದ್ದು ಬದುವಿನ ಮೇಲೆ ನಿಂತಿದ್ದ ತಾಯಿ ನಾಗಲಿಂಗಮ್ಮನಿಗೂ ಕೇಳಿಸಿತು.

ಎತ್ತಲು ಬಾಗಿದವರ ಕಾಲುಗಳು ಜಾರಿದವು. ಸಂದಿಗೆ ತೂರಿಸಿದ ಬೇವಿನ ತೊಲೆ ಮುರಿಯಿತು. ಕೆಸರು ಕೆಂಪಾದಂತೆ ಮಗನ ತುಟಿ ಬಿಳುಪೇರಿತು. ನಾಗಲಿಂಗಮ್ಮನ ತಮ್ಮ ಗಂಗಪ್ಪ ಟ್ರ್ಯಾಕ್ಟರಿನಿಂದ ಆಳುದ್ದದ ಹಾರೆಯನ್ನು ತಂದನು. ಬೆನಕಪ್ಪ ಅಡ್ಡ ನಿಂತನು.

“ಕಬ್ಬಿಣ ಮುಟ್ಟಿಸಬ್ಯಾಡಲೇ. ವಂಶ ಉಳಿಯಂಗಿಲ್ಲ.”

“ವಂಶಾನೇ ಅಡಿಯಾಗ ಬಿದ್ದೈತಿ, ಮಾವ. ಇನ್ಯಾವ ವಂಶ ಕಾಯಾಕ ನಿಂತೀರಿ?”

ಬೆನಕಪ್ಪ ಮುರಿದ ತೊಲೆಯ ತುಂಡನ್ನೆತ್ತಿ ಭಾವಮೈದುನನ ಮುಖಕ್ಕೆ ಬಾರಿಸಿದನು. ಹಲ್ಲೆರಡು ಉದುರಿದವು; ಗಂಗಪ್ಪ ಮಂಡಿಯೂರಿದನು. ಎರಡನೆಯ ಪೆಟ್ಟು ಅವನ ನೆತ್ತಿಗೆ ಇಳಿಯುವ ಮೊದಲೇ, ಮೂವತ್ತು ವರ್ಷ ಗಂಡನಿಗೆ ಎದುರಾಡದ ನಾಗಲಿಂಗಮ್ಮ ಕೆಳಗೆ ಬಿದ್ದ ಹಾರೆಯನ್ನು ಎತ್ತಿ ಅವನ ಮುಂಗೈಗೆ ಬೀಸಿದಳು. ಕೈ ಮುರಿದು ಜೋತುಬಿದ್ದಿತು.

“ದೂರ ಸರೀರಿ,” ಎಂದಳು. “ಇನ್ನೊಂದು ಕೈಯರ ಉಳಿಸ್ಕೊಳ್ರಿ.”

ಹಾರೆಯ ತುದಿಯನ್ನು ಮೂರ್ತಿಯ ಅಡಿಗೆ ತೂರಿಸಿ, ನಡುವೆ ಗುಂಡುಕಲ್ಲನ್ನಿಟ್ಟು ಅದುಮಿದಳು. ಮೂರ್ತಿ ಅಲುಗಲಿಲ್ಲ. ಅರುಣ ಒಮ್ಮೆ ಚೀರಿ ಸುಮ್ಮನಾದನು.

“ಗುಂಡುಕಲ್ಲು ಬಸವಣ್ಣನ ಕಡಿ ಸರಿಸಬೇ ಅಕ್ಕಾ,” ರಕ್ತ ಉಗುಳುತ್ತ ಗಂಗಪ್ಪ ಹೇಳಿದನು. “ಹಾರಿ ಅಲ್ಲಿ ಗಿಡ್ಡ ಇರಬೇಕು, ನಿನ್ನ ಕಡಿ ಉದ್ದ. ತುದಿ ಹಿಡಿ.”

ಅವಳು ಗುಂಡುಕಲ್ಲನ್ನು ಮೂರ್ತಿಗೆ ಗೇಣಳತೆಯಷ್ಟು ಹತ್ತಿರಕ್ಕೆ ಸರಿಸಿ, ಹಾರೆಯ ಕೊನೆಗೆ ಮೈಯೆಲ್ಲ ಹೇರಿ ಜೋತುಬಿದ್ದಳು. ಆರು ಜನರ ತೋಳಿಗೆ ಮಣಿಯದ ಕಲ್ಲು ಒಬ್ಬಳ ಮೈಭಾರಕ್ಕೆ ನಾಲ್ಕು ಬೆರಳು ಎದ್ದಿತು. ಉಳಿದವರು ಅರುಣನನ್ನು ಈಚೆಗೆ ಎಳೆದರು. ಉಸಿರಿತ್ತು.

ಬೆನಕಪ್ಪ ಮುರಿದ ಕೈಯನ್ನು ಎದೆಗವಚಿಕೊಂಡು ಮೂರ್ತಿಯ ಪಕ್ಕೆಯನ್ನೇ ನೋಡುತ್ತಿದ್ದನು.

“ಗೀರು ಬಿದ್ದೈತಿ,” ಎಂದನು.

“ಬೀಳಲಿ. ಮಗ ಅದಾನ.” ನಾಗಲಿಂಗಮ್ಮ ಸೆರಗು ಹರಿದು ಮಗನ ತೊಡೆಗೆ ಬಿಗಿದಳು. “ಟ್ರ್ಯಾಕ್ಟರ್ ಹತ್ರಿ. ಅಪ್ಪಗ, ಮಗಗ ಹರಪನಹಳ್ಳಿ ದವಾಖಾನಿಯಾಗ ಕೂಡೇ ಕಟ್ಟು ಹಾಕಿಸೋಣು.”

ಇದನ್ನು ಕೇಳಿದ ಸಕಲರಿಗೂ ಆಪತ್ತಿನಲ್ಲಿ ಬುದ್ಧಿಯೂ ಮಕ್ಕಳಿಗೆ ದೀರ್ಘಾಯುಷ್ಯವೂ ಲಭಿಸಲಿ. ಶಿವನು ಎಲ್ಲರ ಭಾರವನ್ನೂ ಹಗುರಗೊಳಿಸಲಿ.