ಯಾವ ಹೊನ್ನೆ?

ನಾನು ಒಂದು ಹೊನ್ನೆಮರ. ಹುಟ್ಟಿದ್ದು ಘಟ್ಟದ ಮೇಲೆ. ಬಲಕ್ಕೆ ಮತ್ತಿ, ಎಡಕ್ಕೆ ಬೀಟೆ, ಹಿಂದೆ ನಂದಿ, ಎಲ್ಲರೂ ಗಟ್ಟಿ ಕುಳಗಳೇ. ನನಗೆ ಕೊಡಲಿ ತಾಗಿದರೆ ನೆತ್ತರಿನಂಥ ಅಂಟು ಸುರಿಯುತ್ತದೆ. ಆ ಅಂಟಿನಿಂದ ಕೂಸುಗಳ ಹಣೆಗೆ ದೃಷ್ಟಿಬೊಟ್ಟು ಇಡುತ್ತಿದ್ದರು. ಜಂಬ ಅಂದುಕೊಂಡರೂ ಅಡ್ಡಿಯಿಲ್ಲ, ನನ್ನ ಹೆಸರೆಂದರೆ ನನಗೆ ಪ್ರಾಣ.

ಆ ಹೆಸರೇ ನನ್ನನ್ನು ಗಂಗೊಳ್ಳಿಯ ಕಡಲತೀರಕ್ಕೆ ತಂದು ಹಾಕಿತು. ಅಲ್ಲಿನ ಸೀತು ಮೊಗವೀರ್ತಿ ದೋಣಿಯ ಅಡಿಮರಕ್ಕೆಂದು ಒಂದು ಹೊನ್ನೆ ದಿಮ್ಮಿ ಕಳಿಸಲು ಘಟ್ಟದ ಮಿಲ್ಲಿಗೆ ಹೇಳಿಕಳಿಸಿದ್ದಳು. ಹಳೆಯ ದೋಣಿ ಬಂಡೆಗೆ ಬಡಿದು ಚೂರಾದ ಮೇಲೆ ಅವಳ ಇಬ್ಬರು ಗಂಡುಮಕ್ಕಳು ಕಂಡವರ ದೋಣಿಯಲ್ಲಿ ಬಲೆ ಎಳೆಯುತ್ತಿದ್ದರು. ಈ ಮಳೆಗಾಲ ಕಳೆದು ಕಡಲು ತಣ್ಣಗಾಗುವ ಹೊತ್ತಿಗೆ ಅವರು ಸ್ವಂತ ದೋಣಿ ಹತ್ತಬೇಕು ಎಂಬುದೊಂದೇ ಅವಳ ಹಟ.

ದೋಣಿ ಕಟ್ಟುವ ನಾಗಪ್ಪ ಆಚಾರಿಗೆ ನನ್ನ ಬಣ್ಣ ನೋಡಿಯೇ ಅನುಮಾನ. ಚಕ್ಕೆಯೊಂದನ್ನು ನೀರಿನಲ್ಲಿ ನೆನೆಸಿಟ್ಟ. ನೀರು ನೀಲಿಗೆ ತಿರುಗಿತು, ಅದು ಘಟ್ಟದ ಹೊನ್ನೆಯ ಗುರುತು.

"ಸೀತಕ್ಕ, ಇದ್ ನಮ್ ಹೊನ್ನೆ ಅಲ್ಲ."

ಕರಾವಳಿಯವರಿಗೆ ಹೊನ್ನೆ ಅಂದರೆ ಸುರಹೊನ್ನೆಯಂತೆ. ಕಡಲಂಚಿನಲ್ಲಿ ಬೆಳೆದು, ಬೀಜದಿಂದ ದೀಪದೆಣ್ಣೆ ಕೊಡುವ ಮರ. ಹೆಸರು ಒಂದೇ, ಜಾತಿಯೇ ಬೇರೆ! ಸೀತಕ್ಕ ಮರಳಿನ ಮೇಲೆ ಕುಸಿದು ಕೂತಳು. ಮಳೆ ಹಿಡಿದಾಗಿತ್ತು, ಇನ್ನೊಂದು ದಿಮ್ಮಿ ಕಾಡಿನಿಂದ ಹೊರಬೀಳುವುದು ಮಳೆಗಾಲ ಮುಗಿದ ಮೇಲೆಯೇ. ನನಗೋ ಅವಮಾನದಿಂದ ಮೈಯೆಲ್ಲ ಉರಿಯಿತು. ಒಲೆಗೆ ಹಾಕುತ್ತಾರೇನೋ ಎಂಬ ಭಯ ಬೇರೆ.

ಆಚಾರಿ ಅವಸರದ ಆಳಲ್ಲ. ನನ್ನ ಮೈ ಸವರಿದ, ಉಳಿ ಇಟ್ಟು ಬಡಿದ, ತುಂಡೊಂದನ್ನು ಅಳಿವೆಯ ಉಪ್ಪುನೀರಿನಲ್ಲಿ ಕಟ್ಟಿಹಾಕಿದ. ಸುರಿಯುವ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ವಾರಗಟ್ಟಲೆ ಹೋಗಿ ನೋಡಿದ. ಅಬ್ಬಾ, ಆ ತಾಳ್ಮೆ! ತುಂಡನ್ನು ಹುಳ ಮುಟ್ಟಲಿಲ್ಲ, ಅದು ಸೀಳಲೂ ಇಲ್ಲ. ಹೆಸರು ತಪ್ಪಿ ಬಂದರೂ ಮರ ತಪ್ಪಲ್ಲ, ಕೂರಿಸೋಣವೇ ಎಂದು ಕೇಳಿದ. ಸೀತಕ್ಕ ಹತ್ತಿರ ಬಂದು ನನ್ನ ನೆತ್ತಿಗೆ ಅರಿಸಿನ ಹಚ್ಚಿದಳು.

ಅವಳ ಮಕ್ಕಳು ಸ್ವಂತ ದೋಣಿಯಲ್ಲೇ ಕಡಲಿಗಿಳಿದರು. ಎಷ್ಟು ಅಲೆ ಬಡಿದರೂ ನಾನು ಅವರನ್ನು ದಡಕ್ಕೆ ತಂದು ಬಿಟ್ಟೆ. ಪ್ರತಿ ಸಲವೂ ಸೀತಕ್ಕ ದಂಡೆಯಲ್ಲಿ ಕಾದಿರುತ್ತಿದ್ದಳು, ಮೊದಲು ಮಕ್ಕಳನ್ನು ನೋಡಿ ಆಮೇಲೆ ಮೀನು ನೋಡುತ್ತಿದ್ದಳು.

ಈಗ ದೋಣಿ ದಂಡೆಯ ಮೇಲೆ ಬೋರಲಾಗಿ ಬಿದ್ದಿದೆ. ಹಲಗೆಗಳು ಕಳಚಿವೆ, ನಾನು ಮಾತ್ರ ಇನ್ನೂ ನೆಟ್ಟಗಿದ್ದೇನೆ. ಮೊನ್ನೆ ಯಾರೋ ಒಬ್ಬ ಬಂದು ನನ್ನನ್ನು ಬಡಿದು ನೋಡಿ, ಇದು ಯಾವ ಹೊನ್ನೆ, ಘಟ್ಟದ್ದೋ ಕಡಲಿನದೋ ಎಂದು ಕೇಳಿದ.

ಮುದುಕಿ ಸೀತಕ್ಕ ಬಲೆ ಹೆಣೆಯುತ್ತಿದ್ದವಳು ತಲೆಯೆತ್ತಲೂ ಇಲ್ಲ.

"ನಮ್ ಹೊನ್ನೆ" ಅಂದಳು.