ಗುಡ್ನಿಯ ಬೀಳ್ಕೊಡುಗೆ

"ಕೇಕು ಆಮೇಲೆ. ಮೊದ್ಲು ಟೋರ್‌ಲೇಫ್ ಮಾತಾಡ್ಲಿ," ಎಂದು ಉಡುಪಿನ ಕೋಣೆಯ ರಾಗ್ನ, ರಂಗಮಂದಿರದ ಮುಖ್ಯಸ್ಥ ಓಡ್ವಾರನ ಕೈಯಿಂದ ಚಾಕು ಕಸಿದುಕೊಂಡಳು. "ಇಂಥಾ ದೊಡ್ಡ ನಟ ಇವತ್ತು ಪುಕ್ಕಟೆ ಸಿಕ್ಕಿದಾನೆ, ಬಿಡೋದುಂಟಾ!"

ಎಲ್ಲರೂ ನಕ್ಕರು. ಟೋರ್‌ಲೇಫ್ ಮ್ಯೆಲ್ದೆ ಮೊಣಕಾಲು ಒತ್ತಿಕೊಂಡು ಎದ್ದ. ಬರ್ಗನ್ ಪಟ್ಟಣದ ಆ ರಂಗಮಂದಿರದ ಊಟದ ಕೋಣೆಯಲ್ಲಿ ಮಧ್ಯಾಹ್ನ ಮೂವತ್ತು ಜನ ಸೇರಿದ್ದರು. ಇಪ್ಪತ್ತಾರು ವರ್ಷ ರಂಗದ ಅಂಚಿನ ಗೂಡಿನಲ್ಲಿ ಕೂತು ನಟರಿಗೆ ಮರೆತ ಮಾತು ಎತ್ತಿಕೊಟ್ಟ ಗುಡ್ನಿಗೆ ಅಂದು ಕೊನೆಯ ದಿನ. ಆಕೆ ಕಿಟಕಿಯ ಪಕ್ಕ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು. ಆಕೆಯ ಕೆಲಸ ಹೋದದ್ದು ಟೋರ್‌ಲೇಫನ ಒಂದು ಸುಳ್ಳಿನಿಂದ ಎಂಬುದು ಅಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು: ಅವನಿಗೆ ಮತ್ತು ಅವಳಿಗೆ.

ಪೀಪಾಯಿ ಮಾಡುವವನ ಮಗ ಅವನು. ಹತ್ತೊಂಬತ್ತಕ್ಕೆ ಈಟಿ ಹಿಡಿದ ಕಾವಲುಗಾರನಾಗಿ ರಂಗ ಹತ್ತಿದವನು ನಲವತ್ತಕ್ಕೆ ರಾಜನಾದ. ನಡುವೆ ಆರು ಸಿನಿಮಾ. ಒಂದರಲ್ಲಿ ಕುಡುಕ ಕಪ್ತಾನನಾಗಿದ್ದಕ್ಕೆ ಮೀನುಪೇಟೆಯ ಹೆಂಗಸರು ಇವತ್ತಿಗೂ, "ಏನ್ ಕಪ್ತಾನ್ರೇ, ನೆಟ್ಟಗೆ ನಡೀತಿದೀರಲ್ಲ, ಹುಷಾರಿಲ್ವಾ?" ಎಂದು ಕಿಚಾಯಿಸುತ್ತಾರೆ. ಸಿನಿಮಾದಲ್ಲಿ ಮಾತು ತಪ್ಪಿದರೆ ಇನ್ನೊಮ್ಮೆ ತೆಗೆಯುತ್ತಾರೆ. ರಂಗದ ಮೇಲೆ ಅವನಿಗೆ ಇದ್ದವಳು ಗುಡ್ನಿ ಒಬ್ಬಳೇ. ಅವನು ಬೇಕೆಂದೇ ಮಾತು ನಿಲ್ಲಿಸಿದ್ದಾನೋ, ಮರೆತು ನಿಂತಿದ್ದಾನೋ ಎಂಬುದು ಅವನ ಉಸಿರು ನೋಡಿಯೇ ಆಕೆಗೆ ತಿಳಿಯುತ್ತಿತ್ತು. ಅರವತ್ತು ದಾಟಿದ ಮೇಲೆ ಹೆಚ್ಚಾಗಿ ಮರೆತೇ ನಿಲ್ಲುತ್ತಿದ್ದ. ಪತ್ರಿಕೆಯವರು ಮಾತ್ರ, ಮ್ಯೆಲ್ದೆಯ ಮೌನವೇ ಚೆನ್ನ ಎಂದು ಬರೆಯುತ್ತಿದ್ದರು.

ಫೆಬ್ರವರಿಯ ಒಂದು ಶನಿವಾರ ಮೂರನೇ ಅಂಕದಲ್ಲಿ ಅವನ ತಲೆ ಖಾಲಿಯಾಯಿತು. ಗುಡ್ನಿ ಒಮ್ಮೆ ಹೇಳಿದಳು, ಮತ್ತೊಮ್ಮೆ ಹೇಳಿದಳು. ಅವನಿಗೆ ಕೇಳಿಸಿತು, ಆದರೆ ಅದು ಯಾವ ನಾಟಕದ ಮಾತು ಎಂದೇ ಹೊಳೆಯಲಿಲ್ಲ. ಮೂರನೇ ಸಲ ಆಕೆ ಗಟ್ಟಿಯಾಗಿ ಹೇಳಿದಾಗ ಮುಂದಿನ ಸಾಲುಗಳಲ್ಲಿ ಕೂತವರು ನಕ್ಕರು.

ನಮ್ಮಲ್ಲಿ ಪ್ರತಿ ಆಟ ಮುಗಿದ ಮೇಲೂ ರಂಗದ ಮೇಲ್ವಿಚಾರಕ ನಡೆದದ್ದನ್ನು ವರದಿ ಪುಸ್ತಕದಲ್ಲಿ ಬರೆದಿಡಬೇಕು. ಮುಖ್ಯಸ್ಥರು ಅದನ್ನು ಓದುತ್ತಾರೆ. ಆ ರಾತ್ರಿ ಮೇಲ್ವಿಚಾರಕ ಪೆನ್ನು ಹಿಡಿದು ಬಣ್ಣದ ಕೋಣೆಯ ಬಾಗಿಲಲ್ಲಿ ನಿಂತು, "ಏನಂತ ಬರೀಲಿ?" ಎಂದ. ಬಣ್ಣ ಒರೆಸಿಕೊಳ್ಳುತ್ತಿದ್ದ ಟೋರ್‌ಲೇಫ್ ತಿರುಗಿ ನೋಡದೆ, "ಗುಡ್ನಿ ಪುಟ ತಪ್ಪಿಸಿದ್ಲು, ಮಾತು ತಡವಾಗಿ ಕೊಟ್ಲು ಅಂತ ಬರಿ," ಅಂದುಬಿಟ್ಟ. ನಿಜ ಹೇಳಿದ್ದರೆ ಮುಂದಿನ ನಾಟಕದ ದೊಡ್ಡ ಪಾತ್ರ ಕೈಬಿಟ್ಟು ಹೋಗುತ್ತಿತ್ತು. ಆಕೆಗೆ ಒಂದು ಬೈಗುಳ ಬಿದ್ದು ಮುಗಿದೀತು ಅಂದುಕೊಂಡಿದ್ದ. ಆದರೆ ಓಡ್ವಾರನಿಗೆ ಆ ಗೂಡನ್ನೇ ಮುಚ್ಚಿಸಲು ಒಂದು ನೆಪ ಬೇಕಿತ್ತು.

ಗುಡ್ನಿ ಎದುರಾಡಲಿಲ್ಲ. ನಟನನ್ನು ಬಿಟ್ಟುಕೊಡಬಾರದು ಎಂಬುದು ಗೂಡಿನವರ ಮರ್ಯಾದೆ. ಅದು ಗೊತ್ತಿದ್ದೇ ಅವನು ಹಾಗೆ ಹೇಳಿದ್ದ. ಸೋಮವಾರ ಓಣಿಯಲ್ಲಿ ಅಡ್ಡ ನಿಂತು, "ಗುಡ್ನಿ, ನಾನು..." ಎಂದಾಗ ಆಕೆ, "ನಿನ್ ಗಂಟಲು ಕಟ್ಟಿದೆ ಕಣೋ, ಬಿಸಿನೀರಿಗೆ ಜೇನು ಹಾಕ್ಕೊಂಡು ಕುಡಿ," ಎಂದು ಪಕ್ಕಕ್ಕೆ ಸರಿದು ಹೋಗಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೂರು ವಾರದಿಂದ ಅವನು ನಾಚಿಕೆಯಿಂದ ಬೇಯುತ್ತಿದ್ದ. ಇವತ್ತು ಎಲ್ಲರೆದುರು ಹೇಳಿಯೇಬಿಡುತ್ತೇನೆ ಎಂದು ಬೆಳಿಗ್ಗೆ ಮನೆಯಲ್ಲಿ ನಾಲ್ಕು ಸಲ ಹೇಳಿ ನೋಡಿಕೊಂಡು ಬಂದಿದ್ದ.

"ಗೆಳೆಯರೇ," ಎಂದ. ಕಂಠ ಎಂದಿನ ಹಾಗೆ ಗಟ್ಟಿಯಾಗಿ ಹೊಮ್ಮಿತು. "ಗುಡ್ನಿ ಯಾವತ್ತೂ ಪುಟ ತಪ್ಪಿಸಿದವಳಲ್ಲ. ಆ ಶನಿವಾರ..."

ಓಡ್ವಾರ್ ಕಾಫಿ ಕಲಕುವುದನ್ನು ನಿಲ್ಲಿಸಿ ತಲೆಯೆತ್ತಿದ.

ಟೋರ್‌ಲೇಫ್ ಅಲ್ಲಿಗೇ ನಿಂತ. ಈ ಸಲ ಮರೆತಿರಲಿಲ್ಲ. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳುವ ಎದೆ ಇರಲಿಲ್ಲ. ಆಹಾ ಎಂಥ ಮೌನ ಎಂದು ಮೂವತ್ತು ಜನ ಮೆಚ್ಚಿ ನೋಡುತ್ತಿದ್ದರು. ರಾಗ್ನ ಆಗಲೇ ಕಣ್ಣೊರೆಸಿಕೊಂಡಳು.

ಅವನು ಕಿಟಕಿಯ ಕಡೆ ನೋಡಿದ. ಗುಡ್ನಿ ಅವನ ಉಸಿರನ್ನೇ ಗಮನಿಸುತ್ತಿದ್ದಳು. ತುಟಿ ಅಲ್ಲಾಡಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ, ಅವನೊಬ್ಬನಿಗೆ ಮುಟ್ಟುವ ಹಾಗೆ, ಅಂದಳು:

"ಎಲ್ಲದಕ್ಕೂ ಧನ್ಯವಾದ."

ಅವನು ಹೇಳಬೇಕೆಂದು ಬಂದ ಮಾತು ಅದಾಗಿರಲಿಲ್ಲ. ನಮ್ಮ ಕಡೆ ಗೋರಿಯ ಕಲ್ಲಿನ ಮೇಲೆ ಕೆತ್ತಿಸುವ ಮಾತು ಅದು.

"ಎಲ್ಲದಕ್ಕೂ ಧನ್ಯವಾದ, ಗುಡ್ನಿ," ಎಂದು ಟೋರ್‌ಲೇಫ್ ಕೋಣೆಯ ಮೂಲೆಮೂಲೆಗೂ ಕೇಳಿಸುವಂತೆ ಹೇಳಿದ.

ಚಪ್ಪಾಳೆ ಬಿತ್ತು. ಓಡ್ವಾರ್ ಮತ್ತೆ ಕಾಫಿ ಕಲಕತೊಡಗಿದ. ಗುಡ್ನಿ ಎದ್ದು ಮೇಲಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಳ್ಳುತ್ತಿದ್ದಳು. ಅವನ ಕಡೆ ನೋಡಲಿಲ್ಲ. ರಾಗ್ನ ಮೂಗೆಳೆದುಕೊಳ್ಳುತ್ತಲೇ ಕೇಕು ಕತ್ತರಿಸಿ, ಮೊದಲ ತುಂಡನ್ನು ಅವನ ಕೈಗಿತ್ತಳು.

"ಅಳಿಸಿಬಿಟ್ಟೆಯಲ್ಲೋ ಮಾರಾಯ. ತಿನ್ನು, ನಿಂಗೇ ಸಲ್ಲಬೇಕು ಇದು."

ಎಲ್ಲರೂ ನೋಡುತ್ತಿದ್ದರು. ಅವನು ತಿಂದ.